ಲಾರಿ ಚಾಸಿಗೆ ತುಕ್ಕು: ಬಣ್ಣದ ಡಬ್ಬಿ ತೆರೆಯೋಕೆ ಮುಂಚೆ ಮಾಡಬೇಕಾದ ಕೆಲಸ

ನಾನೇ ಮಾಡಿದ ತಪ್ಪಿನಿಂದ ಶುರು ಮಾಡುತ್ತೇನೆ. ಲಾರಿಯ ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟಿನ ಮೇಲೆ ಅಲ್ಲಲ್ಲಿ ತುಕ್ಕು ಕಂಡಿತ್ತು. ವೈರ್ ಬ್ರಷ್ಷಿನಲ್ಲಿ ನಾಲ್ಕು ಸಲ ಉಜ್ಜಿದ ಶಾಸ್ತ್ರ ಮಾಡಿ, ಮೇಲೆ ದಪ್ಪಗೆ ಕರಿ ಬಣ್ಣ ಬಳಿದುಬಿಟ್ಟೆ. ನೋಡೋಕೆ ಹೊಸ ಗಾಡಿ! ಮುಂದಿನ ವರ್ಷ ಅದೇ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಕೆದಕಿದರೆ ಬಣ್ಣದ ಜೊತೆ ಕಬ್ಬಿಣವೂ ಮರದ ತೊಗಟೆ ಥರ ಎದ್ದು ಬಂತು.

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು. ಉಪ್ಪು ಸೇರಿದರೆ ಇನ್ನೂ ಬೇಗ; ಕಡಲ ಹತ್ತಿರ ಓಡುವ ಗಾಡಿಗಳನ್ನು ನೋಡಿದರೆ ಗೊತ್ತಾಗುತ್ತೆ ಅಲ್ವಾ. ಆದರೆ ನನ್ನ ಪ್ರಕಾರ ದೊಡ್ಡ ಕಳ್ಳ ಕೆಸರು. ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಸೇರುವ ಮೂಲೆ, ಸ್ಪ್ರಿಂಗ್ ಬ್ರಾಕೆಟ್ ಹಿಂದೆ, ಡೀಸೆಲ್ ಟ್ಯಾಂಕಿನ ಪಟ್ಟಿ ಕೆಳಗೆ ಕೂತುಕೊಂಡು, ಮಳೆ ನಿಂತು ದಿನಗಟ್ಟಲೆ ಆದರೂ ಒದ್ದೆ ಗೋಣಿಚೀಲದ ಹಾಗೆ ತೇವ ಹಿಡಿದಿಟ್ಟಿರುತ್ತದೆ.

ಹಾಗಾಗಿ ಮೊದಲು ತೊಳೆಯಿರಿ. ನಿಂತಲ್ಲೇ ನಿಂತು ಪೈಪ್ ಹಿಡಿದರೆ ಆಗಲ್ಲ, ಕೆಳಗೆ ಮಲಗಲೇಬೇಕು. ಚಾಸಿಯಲ್ಲಿ ನೀರು ಇಳಿಯೋಕೆ ಬಿಟ್ಟಿರುವ ತೂತುಗಳಿಗೆ ತಂತಿ ಹಾಕಿ ಕೆಸರು ಕೆಡವಿ. ಪ್ರೆಷರ್ ವಾಷರ್ ಆದರೆ ವೈರಿಂಗ್ ಕನೆಕ್ಟರ್, ಬೇರಿಂಗ್ ಸೀಲ್ ಕಡೆಗೆ ನೇರವಾಗಿ ಹೊಡೆಯಬೇಡಿ. ಆಮೇಲೆ ಚೆನ್ನಾಗಿ ಒಣಗಲಿ, ಒಂದೆರಡು ದಿನ ಹೋದರೂ ಪರವಾಗಿಲ್ಲ.

ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದಿದ್ದು ದಪ್ ಅನ್ನುತ್ತದೆ. ಪದರ ಪದರವಾಗಿ ಉದುರಿದರೆ ಅಥವಾ ತೂತು ಕಂಡರೆ ಅಲ್ಲಿಗೇ ನಿಲ್ಲಿಸಿ, ಚಾಸಿ ಕೆಲಸ ಗೊತ್ತಿರುವವರಿಗೆ ತೋರಿಸಿ. ಭಾರಿ ಲಾರಿಗಳ ಚಾಸಿ ಉಕ್ಕು ಎಷ್ಟೋ ಸಲ ಶಾಖ ಕೊಟ್ಟು ಹದ ಮಾಡಿದ್ದಾಗಿರುತ್ತದೆ, ಸಿಕ್ಕ ಸಿಕ್ಕಲ್ಲಿ ವೆಲ್ಡ್ ಮಾಡಿದರೆ ಆ ಬಲ ಹೋಗುತ್ತದೆ.

ಬರೀ ಮೇಲ್ಪದರದ ತುಕ್ಕಾದರೆ ಕನ್ನಡಕ, ಮಾಸ್ಕ್ ಹಾಕಿಕೊಂಡು ಗ್ರೈಂಡರ್‌ಗೆ ವೈರ್ ಕಪ್ (ಬಟ್ಟಲಿನಾಕಾರದ ತಂತಿ ಬ್ರಷ್) ಕಟ್ಟಿ ಹೊಳೆಯುವ ಕಬ್ಬಿಣ ಕಾಣೋ ತನಕ ಕೆರೆಯಿರಿ. ಕೈ ಹೋಗದ ಸಂದಿಯಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಬಹುದು. ಅದರಲ್ಲಿರುವ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲ ತುಕ್ಕನ್ನು ಕಪ್ಪು ಪದರವಾಗಿ ಬದಲಾಯಿಸುತ್ತದೆ. ಉದುರುವ ತುಕ್ಕಿನ ಮೇಲೆ ಹಚ್ಚಿದರೆ ದಂಡ. ಥಿನ್ನರ್ ಬಟ್ಟೆಯಲ್ಲಿ ಜಿಡ್ಡು ಒರೆಸಿ, ಅವತ್ತೇ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಹೊಡೆಯಿರಿ. ಬರಿ ಕಬ್ಬಿಣವನ್ನು ತೇವದ ಗಾಳಿಗೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಮತ್ತೆ ಕಂದು ಬಣ್ಣ. ನಾನು ಎಪಾಕ್ಸಿ ಪ್ರೈಮರ್ ಬಳಸುತ್ತೇನೆ. ಜಿಂಕ್ ಪ್ರೈಮರೂ ಒಳ್ಳೆಯದೇ, ಆದರೆ ಅದು ನೇರ ಕಬ್ಬಿಣಕ್ಕೇ ತಾಗಬೇಕು, ಕನ್ವರ್ಟರ್ ಮೇಲೆ ಹೊಡೆದರೆ ಪ್ರಯೋಜನ ಕಮ್ಮಿ.

ಸ್ಪ್ರೇ ಹಿಡಿಯೋಕೆ ಮುಂಚೆ ಸಣ್ಣ ಬ್ರಷ್ ತಗೊಂಡು ಅಂಚುಗಳು, ಬೋಲ್ಟ್ ತಲೆಗಳು, ವೆಲ್ಡಿಂಗ್ ಗೆರೆಗಳಿಗೆ ಮಾತ್ರ ಒಂದು ಕೋಟ್ ಕೊಡಿ. ಹಸಿ ಬಣ್ಣ ಚೂಪಾದ ಅಂಚಿನಿಂದ ಜಾರಿ ತೆಳ್ಳಗಾಗುತ್ತದೆ, ತುಕ್ಕು ಮೊದಲು ಅಲ್ಲೇ ಹಿಡಿಯುತ್ತದೆ. ಆಮೇಲೆ ಇಡೀ ಚಾಸಿಗೆ ಎರಡು ತೆಳು ಕೋಟ್.

ಚಾಸಿ ಪೆಟ್ಟಿಗೆ ಥರ ಮುಚ್ಚಿಕೊಂಡಿದ್ದರೆ ಒಳಗಿನಿಂದಲೂ ಕೊಳೆಯುತ್ತದೆ. ಉದ್ದ ಟ್ಯೂಬಿನ ನಾಜಲ್ ತೂರಿಸಿ ಒಳಗೆ ಮೇಣ ಅಥವಾ ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಸ್ಪ್ರೇ ಹೊಡೆಯಿರಿ, ವರ್ಷಕ್ಕೊಮ್ಮೆ ಪರೀಕ್ಷಿಸಿ. ದಪ್ಪ ರಬ್ಬರ್ ಕೋಟಿಂಗ್ ನನಗೆ ಅಷ್ಟಾಗಿ ಹಿಡಿಸಲ್ಲ: ಒಂದು ಕಡೆ ಬಿರುಕು ಬಿಟ್ಟರೆ ನೀರು ಒಳಗೆ ಸೇರಿ ಅಲ್ಲೇ ಕೂರುತ್ತದೆ, ಮೇಲಿಂದ ಏನೂ ಕಾಣಲ್ಲ. ಇಂಜಿನ್‌ನಿಂದ ತೆಗೆದ ಹಳೇ ಆಯಿಲ್ ಬಳಿಯುವವರೂ ಇದ್ದಾರೆ. ಬೇಡ ಮಾರಾಯ್ರೇ, ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ನೆಲಕ್ಕೂ ಸೋರುತ್ತದೆ.

ಯಾವುದೇ ಸ್ಪ್ರೇ ಆಗಲಿ, ಬ್ರೇಕ್ ಡ್ರಮ್, ಡಿಸ್ಕ್, ಸೈಲೆನ್ಸರ್ ಪೈಪ್ ಮೇಲೆ ಬೀಳದ ಹಾಗೆ ಮುಚ್ಚಿ. ಕೆಲಸ ಮುಗಿದ ಮೇಲೆ ಆ ನೀರಿಳಿಯುವ ತೂತುಗಳಿಗೆ ಇನ್ನೊಂದು ಸಲ ತಂತಿ ಹಾಕಿ, ಈ ಸಲ ಅವನ್ನು ಮುಚ್ಚಿರುವುದು ನೀವೇ ಹೊಡೆದ ಮೇಣ.