ಮೊಂಟ್ಸೆರಾಟ್ ಬೆಟ್ಟಕ್ಕೆ ಅಮ್ಮನ ಜೊತೆ ರೈಲಿನಲ್ಲಿ

ಸ್ಪೇನಿನ ಬಾರ್ಸಿಲೋನಾದಿಂದ ಮೊಂಟ್ಸೆರಾಟ್ ಬೆಟ್ಟದ ಕ್ರೈಸ್ತ ಮಠಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಒಬ್ಬಳೇ, ಒಂದು ಶನಿವಾರ. ಮಠದ ಬಾಲಕರ ಹಾಡು ಕೇಳಬೇಕೆಂದೇ ಹೊರಟಿದ್ದೆ. ಅವರು ಶನಿವಾರ ಹಾಡುವುದಿಲ್ಲ ಎಂದು ಗೊತ್ತಾಗಿದ್ದು ಬೆಟ್ಟ ಹತ್ತಿದ ಮೇಲೆ. ಎರಡನೇ ಸಲ ಅಮ್ಮ ಜೊತೆಗಿದ್ದಳು. ಅವಳಿಗೆ ಮಂಡಿನೋವು, ಅಷ್ಟು ದೂರ ಮತ್ತೆ ಕರೆತರುವ ಕಾಲ ಬರುತ್ತದೋ ಇಲ್ಲವೋ. ಅದಕ್ಕೇ ಈ ಸಲ ಲೆಕ್ಕವನ್ನು ತಿರುಗಿಸಿ ಹಾಕಿದೆ. ಮೊದಲು ಮಧ್ಯಾಹ್ನ ಒಂದು ಗಂಟೆಯ ಹಾಡನ್ನು ಗಟ್ಟಿ ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ರೈಲು ಆರಿಸಿದೆ.

ಎಸ್ಕೊಲಾನಿಯಾ ಎಂಬ ಈ ಬಾಲಕರ ಗಾಯನ ಶಾಲೆ ಯುರೋಪಿನ ಅತಿ ಹಳೆಯವುಗಳಲ್ಲಿ ಒಂದು. 14ನೇ ಶತಮಾನದಲ್ಲೇ ಅದರ ಉಲ್ಲೇಖವಿದೆ. ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ಒಂದು ಗಂಟೆಗೆ ಹಾಡುತ್ತಾರೆ. ಶಾಲೆಗೆ ಬೇಸಿಗೆ ರಜೆ ಬಂದರೆ ಹಾಡೂ ಇಲ್ಲ. ದಿನ ಗೊತ್ತು ಮಾಡುವ ಮೊದಲು ಮಠದ ಪಟ್ಟಿ ನೋಡಿ, ಚರ್ಚಿನ ಪ್ರವೇಶವನ್ನೂ ಹಾಡಿನ ಜಾಗವನ್ನೂ ಮುಂಚೆಯೇ ಕಾದಿರಿಸಿಕೊಳ್ಳಿ. ನಾವು ಬುಧವಾರ ಹೋದೆವು.

ಹೊರಡುವುದು ಪ್ಲಾಸಾ ಎಸ್ಪಾನ್ಯಾ ನಿಲ್ದಾಣದಿಂದ. ಮೆಟ್ರೊದ ಎಲ್1, ಎಲ್3 ಮಾರ್ಗಗಳೆರಡೂ ಅಲ್ಲಿಗೆ ಬರುತ್ತವೆ. ಇಳಿದು ಎಫ್‌ಜಿಸಿ ಎಂಬ ರೈಲು ಸಂಸ್ಥೆಯ ಫಲಕ ಹಿಡಿದು ನಡೆದರೆ ಮನ್ರೇಸಾ ಕಡೆಗೆ ಹೋಗುವ ಆರ್5 ರೈಲು ಸಿಗುತ್ತದೆ. ಬೆಟ್ಟದ ಬುಡಕ್ಕೆ ಸುಮಾರು ಒಂದು ಗಂಟೆ ಹಾದಿ. ರೈಲು ಹೆಚ್ಚುಕಡಿಮೆ ಗಂಟೆಗೊಂದು, ಅಂದರೆ ಒಂದು ತಪ್ಪಿದರೆ ಬೆಳಗಿನ ಒಂದು ಗಂಟೆ ಹೋಯಿತು. ನಾವು ಒಂಬತ್ತರ ಒಳಗಿನ ರೈಲನ್ನೇ ಹಿಡಿದೆವು.

ಟಿಕೆಟ್ ಯಂತ್ರದ ಮುಂದೆ ನಿಲ್ಲುವ ಮೊದಲೇ ಒಂದು ವಿಷಯ ತೀರ್ಮಾನವಾಗಿರಬೇಕು: ಬುಡದಿಂದ ಮೇಲಕ್ಕೆ ಹೇಗೆ ಹೋಗುವುದು? ತೂಗು ಪೆಟ್ಟಿಗೆಯಲ್ಲಿ, ಅಂದರೆ ಕೇಬಲ್ ಕಾರಿನಲ್ಲಿ, ಹೋಗುವವರು ಮೊಂಟ್ಸೆರಾಟ್ ಆಯೆರಿ ನಿಲ್ದಾಣದಲ್ಲಿ ಇಳಿಯಬೇಕು. ಹಲ್ಲುಗಂಬಿಯ ರೈಲು, ಅಲ್ಲಿಯವರು ಕ್ರೆಮಲ್ಯೆರಾ ಎನ್ನುವುದು, ಬೇಕಾದವರು ಅದರ ಮುಂದಿನ ಮೊನಿಸ್ಟ್ರೋಲ್‌ನಲ್ಲಿ. ಆರ್5 ರೈಲಿಗೂ ಮೇಲೆ ಹತ್ತುವುದಕ್ಕೂ ಸೇರಿದ ಜಂಟಿ ಟಿಕೆಟನ್ನು ಒಂದಕ್ಕೆ ತೆಗೆದುಕೊಂಡರೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಮೊದಲ ಸಲ ನಾನು ಆಯೆರಿ ಟಿಕೆಟ್ ಹಿಡಿದು, ಕಿಟಕಿ ನೋಡುತ್ತ ಮೈಮರೆತು ಮೊನಿಸ್ಟ್ರೋಲ್‌ನಲ್ಲಿ ಇಳಿದಿದ್ದೆ. ಮತ್ತೆ ದುಡ್ಡು ಕೊಟ್ಟೇ ಮೇಲೆ ಹೋದದ್ದು.

1930ರಿಂದ ಓಡುತ್ತಿರುವ ತೂಗು ಪೆಟ್ಟಿಗೆ ಐದೇ ನಿಮಿಷದಲ್ಲಿ ಮೇಲೆ ಮುಟ್ಟಿಸುತ್ತದೆ. ಕಣಿವೆಯ ನೋಟ ಅದರಲ್ಲೇ ಚೆಂದ. ಆದರೆ ಮೂವತ್ತೈದು ಜನ ಹಿಡಿಯುವ ಪೆಟ್ಟಿಗೆಯಲ್ಲಿ ನಿಂತೇ ಹೋಗಬೇಕು, ಗಾಳಿ ಜೋರಾದರೆ ನಿಲ್ಲಿಸಿಬಿಡುತ್ತಾರೆ. ಅಮ್ಮನಿಗಾಗಿ ನಾನು ಕ್ರೆಮಲ್ಯೆರಾ ಆರಿಸಿದೆ. ಕೂತು ಹೋಗಬಹುದು, ಮೊನಿಸ್ಟ್ರೋಲ್‌ನಲ್ಲಿ ಆರ್5 ಬರುವ ಹೊತ್ತಿಗೆ ಹೊಂದಿಸಿ ಬಿಡುತ್ತಾರೆ. ಎರಡು ಹಳಿಗಳ ನಡುವೆ ಹಲ್ಲಿನ ಗಂಬಿಯೊಂದಿದೆ. ಬೋಗಿಯ ಅಡಿಯ ಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. 1892ರಲ್ಲಿ ಶುರುವಾದ ಈ ದಾರಿ 1957ರಲ್ಲಿ ನಿಂತುಹೋಗಿ, 2003ರಲ್ಲಿ ಹೊಸದಾಗಿ ಮತ್ತೆ ತೆರೆಯಿತು. ಹದಿನೈದು-ಇಪ್ಪತ್ತು ನಿಮಿಷಕ್ಕೆ ನಾವು ಸುಮಾರು 720 ಮೀಟರ್ ಎತ್ತರದಲ್ಲಿದ್ದೆವು.

ಬೆಟ್ಟದ ಹೆಸರಿನ ಅರ್ಥವೇ ಗರಗಸದಲ್ಲಿ ಕೊಯ್ದ ಬೆಟ್ಟ ಎಂದು. ಹತ್ತಿರದಿಂದ ಬಂಡೆ ಮುಟ್ಟಿ ನೋಡಿ. ನದಿಯ ಉರುಟು ಕಲ್ಲುಗಳನ್ನು ಗಾರೆಯಲ್ಲಿ ಕಲಸಿ ನಿಲ್ಲಿಸಿದ ಹಾಗಿದೆ. ಮಠ ಹುಟ್ಟಿದ್ದು ಸುಮಾರು 1025ರಲ್ಲಿ, ಒಲಿಬಾ ಎಂಬ ಮಠಾಧಿಪತಿಯಿಂದ. ಆದರೆ ಈಗ ಕಾಣುವ ಕಟ್ಟಡ ಬಹುಪಾಲು ಆಮೇಲಿನದು. 1811ರಲ್ಲಿ ನೆಪೋಲಿಯನ್ನನ ಸೈನಿಕರು ಹಳೆಯದನ್ನು ಹಾಳುಗೆಡವಿದ್ದರು.

ಹಾಡಿಗೆ ಇನ್ನೂ ಹೊತ್ತಿತ್ತು. ಸಾಂತ್ ಜುಆನ್ ಫ್ಯುನಿಕ್ಯುಲರ್, ಅಂದರೆ ಹಗ್ಗ ಕಟ್ಟಿ ಎಳೆಯುವ ಹಳಿಬಂಡಿ, ಹತ್ತಿ ಇನ್ನಷ್ಟು ಮೇಲೆ ಹೋದೆವು. ಅದು 1918ರದು, ದಾರಿಯ ಇಳಿಜಾರು ಕೆಲವೆಡೆ ಶೇಕಡ 65. ಅಲ್ಲಿಂದ ಮಠಕ್ಕೆ ಇಳಿದು ಬರುವ ಕಾಲುದಾರಿ ಸೊಗಸಾಗಿದೆ, ಹೋದ ಸಲ ನಾನು ನಡೆದೇ ಇಳಿದಿದ್ದೆ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ನಾವು ಹೋದ ಬಂಡಿಯಲ್ಲೇ ವಾಪಸು ಬಂದೆವು. ಬೆಟ್ಟದ ನೆತ್ತಿ ಸಾಂತ್ ಜೆರೊನಿ, 1,236 ಮೀಟರ್. ಅಲ್ಲಿಗೂ ಹೋಗಬೇಕು, ಹಾಡೂ ಬೇಕು, ಚರ್ಚಿನ ಮೇರಿಯಮ್ಮನ ದರ್ಶನವೂ ಬೇಕು ಎಂದರೆ ಒಂದು ದಿನದಲ್ಲಿ ಯಾವುದೂ ನೆಮ್ಮದಿಯಾಗಿ ಆಗುವುದಿಲ್ಲ. ನೆತ್ತಿಯ ಆಸೆ ಇರುವವರು ಅದಕ್ಕೇ ಬೇರೆ ದಿನ ಇಡಿ.

ಹನ್ನೆರಡೂವರೆಗೆ ಚರ್ಚಿನೊಳಗೆ ಕೂತೆವು. ಒಂದು ಗಂಟೆಗೆ ಹುಡುಗರು ಸಾಲಾಗಿ ಬಂದು ನಿಂತರು. ಹಾಡು ಹತ್ತು ನಿಮಿಷವೂ ಇರಲಿಲ್ಲವೇನೋ. ಅಮ್ಮ ಕಣ್ಣು ಮುಚ್ಚಿದವಳು ಮುಗಿದ ಮೇಲೂ ತೆರೆಯಲಿಲ್ಲ. ಅಷ್ಟಕ್ಕಾಗಿ ಇಡೀ ದಿನದ ಲೆಕ್ಕ ಹಾಕಿದ್ದು ಸರಿ ಅನ್ನಿಸಿತು.

ಜನ ಊಟಕ್ಕೆ ಹೊರಟಾಗ ನಾವು ದರ್ಶನದ ಸಾಲಿಗೆ ನಿಂತೆವು. ಮೆಟ್ಟಿಲು ಹತ್ತಿ ಮೇಲೆ ಹೋದರೆ ಮೇರಿಯಮ್ಮನ 12ನೇ ಶತಮಾನದ ಮರದ ಮೂರ್ತಿ, ತೊಡೆಯ ಮೇಲೆ ಮಗು ಯೇಸು. ಈ ಸೀಮೆಯ ಕ್ಯಾಟಲನ್ನರು ಅಕ್ಕರೆಯಿಂದ ಲಾ ಮೊರೆನೆಟಾ ಎನ್ನುತ್ತಾರೆ, ಕಪ್ಪು ಪುಟ್ಟಮ್ಮ ಎಂದಂತೆ. ಮೂರ್ತಿಗೆ ಗಾಜು ಹಾಕಿದ್ದಾರೆ. ಬಲಗೈಯ ಗೋಳವೊಂದೇ ಮುಟ್ಟುವುದಕ್ಕೆ ಹೊರಗಿದೆ. ಅಮ್ಮ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಇವಳೂ ನನ್ನ ಹಾಗೇ ಕಪ್ಪಗಿದ್ದಾಳಲ್ಲೇ” ಅಂದಳು.

ಊಟ ಕಟ್ಟಿಕೊಂಡು ಹೋಗಿದ್ದೆವು. ಜೊತೆಗೆ ದಾರಿಬದಿಯ ರೈತರ ಅಂಗಡಿಯಲ್ಲಿ ಮಾತೋ ಎಂಬ, ಗಿಣ್ಣಿನಂಥ ಬಿಳಿ ಚೀಸ್, ಮೇಲೆ ಜೇನು. ಅಮ್ಮನಿಗೆ ಹಸು ಕರು ಹಾಕಿದಾಗಿನ ನಮ್ಮ ಮನೆಯ ಗಿಣ್ಣು ನೆನಪಾಯಿತು.

ಸಂಜೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಕೊನೆಯ ಬಂಡಿಯ ಹೊತ್ತು ಕಾಲಕ್ಕೆ ತಕ್ಕಂತೆ ಬದಲಾಗುವುದರಿಂದ ಮೇಲೆ ಹೋದ ಕೂಡಲೇ ಫಲಕದ ಫೋಟೊ ತೆಗೆದಿಟ್ಟುಕೊಂಡಿದ್ದೆ. ಮೂರೂವರೆಗೇ ಸಾಲಿಗೆ ನಿಂತೆವು, ಸೀಟು ಸಿಕ್ಕಿತು. ಆರ್5ರಲ್ಲಿ ಒಲೆಸಾ ನಿಲ್ದಾಣ ಬರುವ ಮೊದಲೇ ಅಮ್ಮ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು.