ಸೀಟಿಲ್ಲದ ಪ್ಯಾಸೆಂಜರ್

ಸೈಡ್‌ಕಾರ್ ರೇಸ್‌ಗೆ, ಅಂದರೆ ಬೈಕಿನ ಪಕ್ಕಕ್ಕೆ ಮೂರನೇ ಚಕ್ರ ಜೋಡಿಸಿದ ಗಾಡಿಗಳ ರೇಸ್‌ಗೆ, ಪ್ಯಾಸೆಂಜರ್ ಬೇಕು ಅಂತ ಗೆಳೆಯ ಕೇಳಿದಾಗ, ಸುಮ್ನೆ ಕೂತು ಬರೋದು ತಾನೇ ಅಂದುಕೊಂಡು ಒಪ್ಪಿದೆ. ಅದಕ್ಕೂ ಮೊದಲು ಮೂರು ವರ್ಷ ಬೈಕ್ ರೇಸ್ ಮಾಡಿದ್ದೆ. ಗೆದ್ದಿದ್ದಕ್ಕಿಂತ ಬಿದ್ದಿದ್ದೇ ಜಾಸ್ತಿ. ಗಾಡಿ ನೋಡಿದ ಮೇಲೆ ಗೊತ್ತಾಯಿತು, ಕೂರಲು ಸೀಟೇ ಇಲ್ಲ! ಒಂದು ಚಪ್ಪಟೆ ಹಲಗೆ, ಅಲ್ಲಲ್ಲಿ ಹಿಡಿಗಳು, ಅಷ್ಟೆ. ಬೆಲ್ಟ್ ಕೂಡ ಇಲ್ಲ. ಓಡಿಸುವವನು ಮಂಡಿಯೂರಿ ಮುಂದಕ್ಕೆ ಬಾಗಿರುತ್ತಾನೆ.

ಈ ಮೂರು ಚಕ್ರದ ಗಾಡಿ ಬೈಕಿನ ಹಾಗೆ ವಾಲುವುದಿಲ್ಲ. ಟೈರ್‌ಗಳೂ ಕಾರಿನದರಂತೆ ಚಪ್ಪಟೆ. ಹಾಗಾಗಿ ವಾಲುವ ಕೆಲಸವೆಲ್ಲ ಪ್ಯಾಸೆಂಜರ್‌ದು. ನಮ್ಮ ಗಾಡಿಯಲ್ಲಿ ಮೂರನೇ ಚಕ್ರ ಎಡಕ್ಕಿತ್ತು. ಎಡ ತಿರುವಿನಲ್ಲಿ ಅದು ಮೇಲೇಳಲು ನೋಡುತ್ತದೆ. ಅದನ್ನು ನೆಲಕ್ಕೆ ಒತ್ತಿ ಹಿಡಿಯಲು ನಾನು ಎಡಕ್ಕೆ, ಗಾಡಿಯ ಹೊರಗೆ ಜೋತು ಬೀಳಬೇಕು. ಕುಂಡಿಗೂ ರಸ್ತೆಗೂ ಕೆಲವೇ ಇಂಚು. ಬಲ ತಿರುವು ಬಂದರೆ ಓಡಿಸುವವನ ಬೆನ್ನ ಹಿಂದಕ್ಕೆ ಹತ್ತಿ ಹಿಂದಿನ ಚಕ್ರದ ಮೇಲೆ ಭಾರ ಹಾಕಬೇಕು. ನೇರ ದಾರಿಯಲ್ಲಿ ಗಾಳಿಗೆ ಸಿಗದಂತೆ ಮುದುಡಿಕೊಳ್ಳಬೇಕು. ರೇಸ್ ಮುಗಿಯುವವರೆಗೂ ಇದೇ ಓಡಾಟ.

ಎರಡನೇ ರೇಸ್‌ನಲ್ಲಿ ಮಳೆ. ಒಂದು ಬಲ ತಿರುವಾದ ಕೂಡಲೇ ಎಡ ತಿರುವು ಇತ್ತು. ಅದಕ್ಕೆ ತಯಾರಾಗೋಣ ಅಂತ ನಾನು ಅರ್ಧ ಸೆಕೆಂಡ್ ಮೊದಲೇ ಹಿಂದಿನ ಚಕ್ರದಿಂದ ಇಳಿದೆ. ಚಕ್ರ ಹಗುರಾಯಿತು, ಹಿಂಭಾಗ ಜಾರಿತು, ಗಾಡಿ ಗಿರ್ರನೆ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿನಿಂದ ಉಳಿದ ಗಾಡಿಗಳು ಬರುತ್ತಿವೆ. ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಟ್ರ್ಯಾಕ್ ಕಾಯುವ ಮಾರ್ಷಲ್ ಅಪಾಯದ ಹಳದಿ ಬಾವುಟ ಬೀಸುತ್ತಿದ್ದರು, ಎಲ್ಲರೂ ನಿಧಾನ ಮಾಡಿದರು, ಬಚಾವಾದೆವು.

"ಯಾಕೋ ಇಳಿದೆ?"

"ತಿರುವು ಮುಗೀತು ಅಂದ್ಕೊಂಡೆ."

"ಗಾಡಿ ನೆಟ್ಟಗಾಗೋವರೆಗೆ ಮುಗಿಯಲ್ಲ ಕಣೋ!"

ಅಲ್ಲಿಂದ ಮುಂದೆ ಪ್ರತಿ ರೇಸ್‌ಗೂ ಮುಂಚೆ ಟ್ರ್ಯಾಕನ್ನು ನಡೆದೇ ಸುತ್ತಿ ತಿರುವುಗಳನ್ನು ಎಣಿಸಲು ಶುರು ಮಾಡಿದೆ. ಆಮೇಲೆ ನಿಂತ ಗಾಡಿಯ ಮೇಲೆ ಕಣ್ಣು ಮುಚ್ಚಿ ತಾಲೀಮು. ಅವನು "ಎಡ, ಬಲ, ಬ್ರೇಕ್" ಅನ್ನುತ್ತಾನೆ, ನಾನು ಕೋತಿಯ ಹಾಗೆ ಅತ್ತಿತ್ತ ಹಾರುತ್ತೇನೆ. ನೋಡಿದವರೆಲ್ಲ ನಗುತ್ತಿದ್ದರು. ನಗಲಿ ಬಿಡಿ. ಸೈಡ್‌ಕಾರ್‌ನ ಮೊದಲ ವಿಶ್ವ ಚಾಂಪಿಯನ್‌ಶಿಪ್ ಅನ್ನು 1949ರಲ್ಲಿ ಎರಿಕ್ ಆಲಿವರ್ ಗೆದ್ದಾಗ ಪ್ಯಾಸೆಂಜರ್ ಆಗಿದ್ದವರು ಡೆನಿಸ್ ಜೆಂಕಿನ್ಸನ್. 1955ರಲ್ಲಿ ಇಟಲಿಯ ಮಿಲ್ಲೆ ಮಿಗ್ಲಿಯಾ ಕಾರ್ ರೇಸ್‌ನಲ್ಲಿ ಸ್ಟರ್ಲಿಂಗ್ ಮಾಸ್ ಪಕ್ಕ ಕೂತು ದಾರಿ ಹೇಳಿ ಗೆದ್ದವರೂ ಅವರೇ. ಪ್ಯಾಸೆಂಜರ್ ಅಂದರೆ ಬರೀ ಮರಳಿನ ಮೂಟೆ ಅನ್ನುವವರಿಗೆ ನಾನು ಅವರ ಹೆಸರು ಹೇಳುತ್ತೇನೆ.

ಇನ್ನು ಶೆಡ್ಡಿನ ಕೆಲಸ. ಟ್ರ್ಯಾಕ್ ಮೇಲೆ ಕಳೆದ ಒಂದೊಂದು ನಿಮಿಷಕ್ಕೂ ಶೆಡ್ಡಿನಲ್ಲಿ ಗಂಟೆಗಟ್ಟಲೆ ದುಡಿದಿದ್ದೇವೆ. ಆಯಿಲ್ ಸೋರದಂತೆ ಡ್ರೈನ್ ಬೋಲ್ಟ್‌ಗೆ ತೂತು ಕೊರೆದು, ಬಿಚ್ಚಿಕೊಳ್ಳದ ಹಾಗೆ ತಂತಿ ಕಟ್ಟಬೇಕು. ಅದಿಲ್ಲದಿದ್ದರೆ ತಪಾಸಣೆಯಲ್ಲೇ ವಾಪಸ್ ಕಳಿಸುತ್ತಾರೆ. ಬೋಲ್ಟ್‌ಗೆಲ್ಲ ನೀಟಾಗಿ ತಂತಿ ಕಟ್ಟಿದ ನಾನು, ಚೈನಿನ ಎರಡು ತುದಿ ಸೇರಿಸುವ ಕೊಂಡಿಗೆ ಮಾತ್ರ ಮಾಮೂಲಿ ಕ್ಲಿಪ್ ಹಾಕಿ ಸುಮ್ಮನಾಗಿದ್ದೆ. ನಾಲ್ಕನೇ ಸ್ಥಾನದಲ್ಲಿದ್ದಾಗ, ಇನ್ನೆರಡು ಲ್ಯಾಪ್ ಬಾಕಿ ಇರುವಾಗ ಕ್ಲಿಪ್ ಹಾರಿತು, ಚೈನ್ ಕಳಚಿತು. ಎಂಜಿನ್ ಅರಚುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಗೆಳೆಯ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಈಗ ಕೊಂಡಿಗೆ ರಿವೆಟ್ ಹೊಡೆಯುತ್ತೇವೆ.

ದುಡ್ಡಿನ ವಿಷಯ ಎತ್ತದಿರುವುದೇ ವಾಸಿ. ಟೈರ್‌ಗೆ ಹಾಕಿದ್ದನ್ನು ಲೆಕ್ಕ ಹಾಕಿದರೆ ನಿದ್ದೆ ಬರಲ್ಲ.

ಆ ಸೀಸನ್ನಿನ ಕೊನೆಯ ರೇಸ್‌ನಲ್ಲಿ ಏನೂ ಕೈ ಕೊಡಲಿಲ್ಲ. ಒಂದು ಹಂತದಲ್ಲಿ ನಾನು ತಿರುವು ಎಣಿಸುವುದನ್ನೇ ಮರೆತಿದ್ದೆ. ಅವನ ಭುಜ ಸ್ವಲ್ಪ ಅಲ್ಲಾಡಿದರೆ ಸಾಕು, ನನ್ನ ಮೈ ಅಷ್ಟರಲ್ಲೇ ಹೊರಗೆ ಜೋತಾಡುತ್ತಿತ್ತು. ಐದನೆಯವರಾಗಿ ಮುಗಿಸಿದೆವು. ಗಾಡಿ ನಿಂತ ಮೇಲೆ ಹೆಲ್ಮೆಟ್ ಪಟ್ಟಿ ಬಿಚ್ಚಲು ಹೋದರೆ ಬೆರಳು ಮಡಚಲೇ ಆಗುತ್ತಿಲ್ಲ. ಹಿಡಿ ಹಿಡಿದು ಹಿಡಿದು ಮರಗಟ್ಟಿದ್ದವು. ಅವನೇ ಬಂದು ಪಟ್ಟಿ ಬಿಚ್ಚಿದ. "ಚೈನ್ ಇದೆ ತಾನೇ?" ಅಂದ.