ಪೆಂಡಾಲ್ ಕ್ವಿಜ್‌ಗೆ ಪ್ರಶ್ನೆ ಕಟ್ಟುವುದು ಹೇಗೆ

ಜಿಕೆ ಪುಸ್ತಕ ತೆಗೆದು ರಾಜಧಾನಿ, ಕರೆನ್ಸಿ ಅಂತ ಒಂದೊಂದೇ ಓದುತ್ತಾ ಹೋದರೆ ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಸುಮ್ನೆ ಕೂರುತ್ತಾರೆ. ನಮ್ಮ ಬಡಾವಣೆಯ ಗಣಪತಿ ಪೆಂಡಾಲಿನಲ್ಲಿ ಕ್ವಿಜ್ ನಡೆಸುವ ಕೆಲಸ ಪ್ರತಿ ವರ್ಷ ನನ್ನದು. ಉತ್ತರ ನೆನಪಿಲ್ಲದವರೂ ನಾಲ್ಕು ಜನ ಕೂಡಿ ಯೋಚಿಸಿದರೆ ಸಿಗಬೇಕು, ಅಂಥ ಪ್ರಶ್ನೆಯನ್ನೇ ನಾನು ಹುಡುಕುತ್ತೇನೆ.

ಅದಕ್ಕೆ ಮೊದಲು ತಂಡ ಸರಿಯಾಗಬೇಕು. ಗೆಳೆಯರೇ ಸೇರಿ ತಂಡ ಮಾಡಿಕೊಳ್ಳಲು ಬಿಡಬೇಡಿ. ಚೀಟಿ ಎತ್ತಿಸಿ. ಪ್ರತಿ ತಂಡದಲ್ಲೂ ಒಬ್ಬ ಸ್ಕೂಲ್ ಹುಡುಗ ಅಥವಾ ಹುಡುಗಿ, ಒಬ್ಬರು ಅಜ್ಜ ಅಥವಾ ಅಜ್ಜಿ ಇರಲೇಬೇಕು.

ಈಗ ಒಂದು ಪ್ರಶ್ನೆ ಕಟ್ಟೋಣ. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ಎಲ್ಲಿ ತಯಾರಾಗುತ್ತದೆ? ಮೈಸೂರು. ಹೀಗೆ ಕೇಳಿದರೆ ಎರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದನ್ನೇ ಹೀಗೆ ತಿರುಗಿಸಿ: "1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಶುರುವಾಯಿತು. 1962ರಿಂದ ಅಲ್ಲಿನ ಒಂದು ಸರಕು ದೇಶದ ಮೂಲೆಮೂಲೆಗೂ ಹೋಗುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಬೆಳಕು ಬಿದ್ದಾಗ ಕಪ್ಪಾಗುತ್ತದೆ. ಇದನ್ನು ಹಚ್ಚಿಸಿಕೊಳ್ಳಲು ನಿಮಗೆ 18 ವರ್ಷ ತುಂಬಿರಬೇಕು. ಯಾವ ಸರಕು?"

ಇದರಲ್ಲಿ ಎಷ್ಟು ಬಾಗಿಲು ಇವೆ ನೋಡಿ. ಕೆಮಿಸ್ಟ್ರಿ ಓದುವ ಹುಡುಗಿ ಸಿಲ್ವರ್ ನೈಟ್ರೇಟ್ ಹಿಡಿದು ಬರುತ್ತಾಳೆ. ಹಿರಿಯರು ಒಡೆಯರ ಕಾಲ ಹಿಡಿದು ಬರುತ್ತಾರೆ. ಏನೂ ಗೊತ್ತಿಲ್ಲದವರಿಗೆ 18 ವರ್ಷ ಅನ್ನುವುದೇ ಸಾಕು. ಕಷ್ಟದ ಸುಳಿವು ಮೊದಲು, ಸುಲಭದ್ದು ಕೊನೆಗೆ. "ಯಾವುದು", "ಯಾರು" ಅನ್ನುವುದು ವಾಕ್ಯದ ತುದಿಯಲ್ಲೇ ಇರಲಿ. ಮಧ್ಯದಲ್ಲಿ ಕೇಳಿಬಿಟ್ಟರೆ ಬಜರ್ ಒತ್ತಿಬಿಡುತ್ತಾರೆ, ಉಳಿದ ಸುಳಿವು ಯಾರ ಕಿವಿಗೂ ಬೀಳುವುದಿಲ್ಲ.

ಕ್ರೀಡೆ, ಸಿನಿಮಾಗಳಲ್ಲಿ ಎಲ್ಲರೂ ತಟ್ಟನೆ ಹೇಳುವ ಹೆಸರನ್ನು ದಾಟಿಸುವ ಪ್ರಶ್ನೆ ನನಗೆ ಇಷ್ಟ. 1983ರ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ವಿಕೆಟ್ ಯಾರದು ಅಂದರೆ ಕಪಿಲ್ ದೇವ್ ಅನ್ನುತ್ತಾರೆ. 18 ವಿಕೆಟ್ ತೆಗೆದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. "2022ರಲ್ಲಿ ಬಿಸಿಸಿಐ ಅಧ್ಯಕ್ಷರಾದವರು" ಅಂತ ಒಂದು ಸುಳಿವು ಸೇರಿಸಿದರೆ ಹುಡುಗರಿಗೂ ದಾರಿ ಸಿಗುತ್ತದೆ. ಹಾಗೇ ಇನ್ನೊಂದು: ನಟನೆಗೆ ರಾಷ್ಟ್ರಪ್ರಶಸ್ತಿ ಸಿಗದೆ ಹಾಡಿಗೆ ಸಿಕ್ಕ ಕನ್ನಡದ ದೊಡ್ಡ ನಟ ಯಾರು? ಡಾ. ರಾಜ್‌ಕುಮಾರ್, 'ಜೀವನ ಚೈತ್ರ'ದ 'ನಾದಮಯ' ಹಾಡಿಗೆ. ಉತ್ತರ ಹೇಳಿದ ಮೇಲೆ ಆ ಹಾಡಿನ ಒಂದು ತುಣುಕು ಹಾಕಿ. ಪೆಂಡಾಲ್ ಪೂರ್ತಿ ಹಾಡುತ್ತದೆ, ಐದು ನಿಮಿಷ ಹೋದರೂ ಹೋಗಲಿ.

ಇನ್ನು ಸರಿ-ತಪ್ಪಿನ ವಿಷಯ. ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮಕ್ಕಳು ಅಲ್ಲಿ ಕೇಳಿದ್ದನ್ನು ಹಾಗೇ ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮ ರಾಷ್ಟ್ರೀಯ ಕ್ರೀಡೆ ಹಾಕಿ ಅಂತ ಎಷ್ಟೋ ಪುಸ್ತಕದಲ್ಲಿದೆ, ಆದರೆ ಸರ್ಕಾರ ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ. ಅಂಥದ್ದನ್ನು ಕೈಬಿಡಿ. "ಏಕೈಕ", "ಇಬ್ಬರೇ", "ಅತಿ ದೊಡ್ಡ" ಅನ್ನುವ ಪದ ಬಂದರೆ ಇನ್ನೊಮ್ಮೆ ನೋಡಿ. ಟೆಸ್ಟ್‌ನ ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ಪಡೆದವರು ಜಿಮ್ ಲೇಕರ್, ಅನಿಲ್ ಕುಂಬ್ಳೆ ಇಬ್ಬರೇ ಎಂಬ ಪ್ರಶ್ನೆ 2021ರ ಡಿಸೆಂಬರ್‌ವರೆಗೆ ಸರಿ ಇತ್ತು. ಆಗ ಮುಂಬೈನಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್ ಆ ಸಾಲಿಗೆ ಸೇರಿದರು. "1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಈ ಸಾಧನೆ ಮಾಡಿದ ಎರಡನೆಯ ಬೌಲರ್ ಯಾರು" ಅಂತ ಕೇಳಿದರೆ ಅದು ಯಾವತ್ತಿಗೂ ಹಳಸುವುದಿಲ್ಲ.

ವಿಜ್ಞಾನದಲ್ಲಿ ಮಾತು ಇನ್ನೂ ಬಿಗಿಯಾಗಿರಬೇಕು. ವರ್ಷಕ್ಕಿಂತ ದಿನವೇ ಉದ್ದ ಇರುವ ಗ್ರಹ ಯಾವುದು ಅಂತ ಕೇಳಿ ಶುಕ್ರ ಅನ್ನುತ್ತೇವೆ. ಶುಕ್ರ ತನ್ನ ಸುತ್ತ ತಾನು ಒಮ್ಮೆ ತಿರುಗಲು ಸುಮಾರು 243 ಭೂದಿನ ಬೇಕು, ಸೂರ್ಯನನ್ನು ಸುತ್ತಲು 225. ಆದರೆ ಅದು ಹಿಮ್ಮುಖವಾಗಿ ತಿರುಗುವುದರಿಂದ ಅಲ್ಲಿ ಒಂದು ಮಧ್ಯಾಹ್ನದಿಂದ ಇನ್ನೊಂದು ಮಧ್ಯಾಹ್ನಕ್ಕೆ ಆಗುವುದು ಸುಮಾರು 117 ಭೂದಿನ ಮಾತ್ರ. ಓದಿಕೊಂಡ ಹುಡುಗನೊಬ್ಬ ಎದ್ದು ನಿಂತು ವಾದ ಮಾಡಿದರೆ ಅವನೇ ಸರಿ. "ತನ್ನ ಸುತ್ತ ತಾನು ಒಮ್ಮೆ ತಿರುಗಲು" ಅಂತಲೇ ಬರೆಯಿರಿ.

ಒಪ್ಪಬಹುದಾದ ಉತ್ತರಗಳನ್ನೆಲ್ಲ ಪ್ರಶ್ನೆಯ ಕೆಳಗೇ ಬರೆದಿಟ್ಟುಕೊಳ್ಳಿ. ಮುತ್ತುರಾಜ್ ಅಂದರೂ ರಾಜ್‌ಕುಮಾರ್ ಅವರೇ ಅಲ್ವಾ? ತಪ್ಪು ಉತ್ತರಕ್ಕೆ ಪಾಯಿಂಟ್ ಕಳೆಯಬೇಡಿ, ಅಳುಕುವ ಮಕ್ಕಳು ಬಾಯೇ ಬಿಡುವುದಿಲ್ಲ. ಸ್ಕೋರ್ ಬರೆಯಲು ಯಾವ ತಂಡಕ್ಕೂ ಸೇರದ ಒಬ್ಬರನ್ನು ಕೂರಿಸಿ.

ಎರಡು ತಂಡ ಸಮ ಬಂದರೆ ಸಂಖ್ಯೆಯ ಪ್ರಶ್ನೆ ಕೇಳಿ: ಜೋಗ ಜಲಪಾತದ ಎತ್ತರ ಎಷ್ಟು ಮೀಟರ್? ಇಬ್ಬರೂ ಚೀಟಿಯಲ್ಲಿ ಬರೆದು ಒಟ್ಟಿಗೆ ತೋರಿಸಬೇಕು. 253ಕ್ಕೆ ಯಾರು ಹತ್ತಿರವೋ ಅವರಿಗೆ ಬಹುಮಾನ.